ಹೆಸರಿಲ್ಲದ ಕಡತಗಳು

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಮೈಸೂರು ಸರ್ಕಾರವು ಕೈಗೊಂಡ ಕ್ರಮಗಳಲ್ಲಿ ಬರೆದಿಡುವುದೂ ಒಂದಾಗಿದ್ದಿತು. ಮುಂದೆ ದಿವಾನರಾದ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಪದವಿಯಲ್ಲಿದ್ದ ಆ ದಿನಗಳಲ್ಲಿ ರೈಲಿಳಿದವರ ತಪಾಸಣೆ, ಮನೆಗಳ ತೆರವು, ಊರ ಹೊರಗಿನ ಶಿಬಿರಗಳು, ಮಲ್ಲೇಶ್ವರ ಬಸವನಗುಡಿಗಳೆಂಬ ಹೊಸ ಬಡಾವಣೆಗಳ ಯೋಜನೆ, ಇವೆಲ್ಲವೂ ಆಜ್ಞೆ, ವರದಿ, ಪತ್ರಗಳ ರೂಪದಲ್ಲಿ ಸರ್ಕಾರದ ಕಡತಗಳನ್ನು ಸೇರಿದುವು. ಆ ಕಾಲದ ಕಷ್ಟವನ್ನು ಅರಿಯಬಯಸುವವರು ಇಂದಿಗೂ ರಾಜ್ಯ ಪತ್ರಾಗಾರದ ಕಡೆಗೆ ನಡೆಯಬಹುದು. ಅದರಿಂದ ಸುಮಾರು ತೊಂಬತ್ತು ವರ್ಷಗಳ ಮೇಲೆ ಬಂದ ಏಡ್ಸ್ ರೋಗದ ಚರಿತ್ರೆಗೆ ಈ ಸೌಕರ್ಯವಿಲ್ಲ. ನಮ್ಮವರಿಗೆ ದಾಖಲೆಗಳಲ್ಲಿರುವ ಅನಾದರವು ಇದಕ್ಕೆ ಕಾರಣವೆಂದು ಥಟ್ಟನೆ ಹೇಳಿಬಿಡಬಹುದಾದರೂ ಅದು ಅರ್ಧ ಸತ್ಯ ಮಾತ್ರ. ಈ ರೋಗದೊಡನೆ ಹೋರಾಡಿದವರು ಹೆಸರುಗಳನ್ನು ಬುದ್ಧಿಪೂರ್ವಕವಾಗಿಯೇ ಅಳಿಸಿದರು, ಮತ್ತು ಹಾಗೆ ಮಾಡಿದುದು ಸರಿ ಎಂಬುದು ನನ್ನ ಅಭಿಪ್ರಾಯ.

ಭಾರತದಲ್ಲಿ ಎಚ್‌ಐವಿ ಸೋಂಕು ಮೊತ್ತಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ, ವೈದ್ಯೆ ಸುನೀತಿ ಸಾಲೊಮನ್ನರೂ ಅವರ ವಿದ್ಯಾರ್ಥಿನಿಯೂ ನಡೆಸಿದ ರಕ್ತಪರೀಕ್ಷೆಗಳಿಂದ. ರೋಗದ ಬೆನ್ನಿಗೇ ಭಯವೂ, ಭಯದ ಬೆನ್ನಿಗೆ ಪ್ಲೇಗಿನ ಕಾಲದ ಹಳೆಯ ಉಪಾಯಗಳೂ ಬಂದುವು. ಗೋವೆಯಲ್ಲಿ 1989ರ ಫೆಬ್ರವರಿಯಲ್ಲಿ, ರಕ್ತದಾನವೆಂಬ ಸತ್ಕಾರ್ಯದ ಫಲವಾಗಿಯೇ ಸೋಂಕಿತನೆಂದು ತಿಳಿದುಬಂದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಪೊಲೀಸರು ಕರೆದೊಯ್ದು, ಪಾಳುಬಿದ್ದ ಕ್ಷಯರೋಗಾಲಯವೊಂದರಲ್ಲಿ 64 ದಿನ ಏಕಾಂತದಲ್ಲಿರಿಸಿದರು. ಅದೇ ವರ್ಷ ಸಂಸತ್ತಿನ ಮುಂದೆ ಬಂದ ಏಡ್ಸ್ ನಿವಾರಣಾ ಮಸೂದೆಯು ಸೋಂಕಿತರನ್ನು ವೈದ್ಯರು ಅಧಿಕಾರಿಗಳಿಗೆ ತಿಳಿಸಬೇಕೆಂಬ ದಾರಿಯಲ್ಲೇ ನಡೆದಿದ್ದಿತು. ಮಸೂದೆಯು ಹಿಂದೆಗೆಯಲ್ಪಟ್ಟಿತಾದರೂ ಪಾಠ ಉಳಿಯಿತು. ಪುಸ್ತಕದಲ್ಲಿ ಹೆಸರು ಬಿದ್ದವನ ಮನೆಯ ಮುಂದೆ ನಾಳೆ ಯಾರು ಬಂದು ನಿಲ್ಲುವರೋ ಹೇಳಲಾಗದೆಂದಾದ ಮೇಲೆ, ಯಾವ ವಿವೇಕಿಯೂ ತನ್ನ ತೋಳನ್ನು ಸೂಜಿಗೆ ಒಡ್ಡಲಾರ.

ಆದುದರಿಂದ ಈ ರೋಗದ ಲೆಕ್ಕವನ್ನು ಬರೆಯುವ ಕ್ರಮವೇ ವಿಲಕ್ಷಣವಾಗಿ ಬೆಳೆಯಿತು. 1998ರಿಂದ ದೇಶಾದ್ಯಂತ ವರ್ಷವರ್ಷವೂ ನಡೆದ ಕಣ್ಗಾವಲು ಸಮೀಕ್ಷೆಯಲ್ಲಿ, ಬಸುರಿಯರು ಬೇರೆ ಪರೀಕ್ಷೆಗೆಂದು ಕೊಟ್ಟ ರಕ್ತದಲ್ಲಿ ಉಳಿದ ಅಂಶವನ್ನು ತೆಗೆದುಕೊಂಡು, ಅದರ ಮೇಲಿನ ಹೆಸರಿನ ಗುರುತನ್ನು ಕಿತ್ತುಹಾಕಿ, ಒಂದೊಂದು ಕೇಂದ್ರಕ್ಕೆ 400ರಂತೆ ಪರೀಕ್ಷಿಸಲಾಗುತ್ತಿದ್ದಿತು. ಪಾಸಿಟಿವ್ ಬಂದುದು ಯಾರ ರಕ್ತವೆಂದು ಪರೀಕ್ಷಿಸಿದವನಿಗೂ ತಿಳಿಯದು. ಪ್ರತಿ ನೂರು ಬಸುರಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕಿದೆಯೆಂದು ಕರ್ನಾಟಕವನ್ನು ಅತಿ ಪೀಡಿತವಾದ ಆರು ರಾಜ್ಯಗಳ ಸಾಲಿಗೆ ಸೇರಿಸಿದ ಅಂಕಿಗಳು ಹುಟ್ಟಿದ್ದು ಹೀಗೆ, ಅನಾಮಧೇಯ ರಕ್ತದಿಂದ. ಪರೀಕ್ಷಾ ಕೇಂದ್ರಗಳಲ್ಲಿ ಹೆಸರಿನ ಬದಲು ಒಂದು ಸಂಖ್ಯೆ ನಡೆಯಿತು. ಇನ್ನೂ ಕುತೂಹಲಕರವಾದುದು, ಕರ್ನಾಟಕದಲ್ಲಿ ಬಹುವಾಗಿ ಬಳಕೆಯಾದ ಮತಗಟ್ಟೆ ಸಮೀಕ್ಷೆ: ಹತ್ತಾರು ಮಂದಿಯನ್ನು ಒಂದೆಡೆ ಕೂಡಿಸಿ, ಒಬ್ಬೊಬ್ಬರಿಗೂ ಚುನಾವಣೆಯಲ್ಲಿನಂತೆ ಮರೆ ಕಟ್ಟಿ, ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಯನ್ನು ಎಲ್ಲರಿಗೂ ಒಮ್ಮೆಗೇ ಓದಿ ಹೇಳಿ, ಉತ್ತರದ ಚೀಟಿಯನ್ನು ‘ಹೌದು’ ‘ಇಲ್ಲ’ಗಳ ಡಬ್ಬಿಗೆ ಹಾಕಿಸುವುದು. ಎದುರಿಗೆ ಕುಳಿತು ಕೇಳಿದಾಗ ನುಡಿಯದ ಎಷ್ಟೋ ಸಂಗತಿಗಳನ್ನು ಆ ಡಬ್ಬಿಗಳು ನುಡಿದುವು. ಪ್ರಜಾಪ್ರಭುತ್ವವು ನಮ್ಮ ಹಳ್ಳಿಗರಿಗೆ ಕಲಿಸಿದ ಗುಟ್ಟಿನ ಅಭ್ಯಾಸವು ಈ ಬಗೆಯಲ್ಲಿ ಉಪಯೋಗಕ್ಕೆ ಬಂದೀತೆಂದು ಸಂವಿಧಾನ ರಚಿಸಿದವರು ಊಹಿಸಿರಲಾರರು.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಚರಿತ್ರೆಯು ನಡೆದ ಸ್ಥಳಗಳು ಕೈಯಳತೆಯಲ್ಲಿಯೇ ಇವೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣವೂ ಲಾರಿ ನಿಲ್ದಾಣವೂ ಪುಣೆ ಮುಂಬಯಿಗಳ ಕಡೆಗೆ ಹೋಗುವ ತುಮಕೂರು ರಸ್ತೆಯ ಬಾಯಲ್ಲಿವೆ. ತಿಂಗಳುಗಟ್ಟಲೆ ಮನೆಬಿಟ್ಟು ತಿರುಗುವ ಚಾಲಕರೂ ಕ್ಲೀನರುಗಳೂ ಸೋಂಕು ತಡೆಯುವ ಕಾರ್ಯಕ್ರಮಗಳ ಗಮನಕ್ಕೆ ಬಂದುದು ಇಂಥ ನಿಲ್ದಾಣಗಳಲ್ಲಿಯೇ. ಹೆಬ್ಬಾಳದಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. ಅದಕ್ಕೆ ಅನತಿದೂರದ ಆನಂದನಗರದಲ್ಲಿ, 1998ರಲ್ಲಿ ವೈದ್ಯೆ ಗ್ಲೋರಿ ಅಲೆಕ್ಸಾಂಡರ್ ಅವರು ಸ್ಥಾಪಿಸಿದ ಆಶಾ ಪ್ರತಿಷ್ಠಾನವು ಎಚ್‌ಐವಿ ಕುರಿತ ದೂರವಾಣಿ ಸಮಾಲೋಚನೆಗೂ, ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಕೆಲಸಕ್ಕೂ ತನ್ನನ್ನು ಮುಡಿಪಾಗಿಟ್ಟಿತು. ದೂರವಾಣಿಯಲ್ಲಿ ಕೇಳುವವನಿಗೆ ಮುಖವೂ ಬೇಡ, ಹೆಸರೂ ಬೇಡವೆಂಬುದನ್ನು ಇಲ್ಲಿ ನೆನೆಯಬೇಕು. 2004ರ ಏಪ್ರಿಲ್ 1ರಂದು ಸರ್ಕಾರವು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಚಿಕಿತ್ಸೆಯನ್ನು ಉಚಿತವಾಗಿ ಕೆಲವೇ ಆಸ್ಪತ್ರೆಗಳಲ್ಲಿ ಆರಂಭಿಸಿದಾಗ ಬೆಂಗಳೂರಿನ ಶಿವಾಜಿನಗರದಲ್ಲಿರುವ ಬೌರಿಂಗ್ ಆಸ್ಪತ್ರೆಯು ಅವುಗಳಲ್ಲೊಂದಾಗಿದ್ದು, ಯಲಹಂಕ, ಆರ್.ಟಿ. ನಗರಗಳ ರೋಗಿಗಳಿಗೂ ಶಿವಾಜಿನಗರದ ಬಸ್ಸೇ ಗತಿಯಾಯಿತು. ಚಿಕಿತ್ಸೆಗೆ ಬಂದವನ ಕೈಗೆ ಬರುತ್ತಿದ್ದ ಹಸಿರು ಪುಸ್ತಕವು ಅವನ ಪ್ರಾಣರಕ್ಷೆಯ ಪತ್ರವೂ ಹೌದು, ಮನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಇಡಬೇಕಾದ ವಸ್ತುವೂ ಹೌದು. ಆ ಪುಸ್ತಕಗಳಲ್ಲಿ ಎಷ್ಟು ಉಳಿದಿದ್ದಾವು? ರೋಗಿ ತೀರಿಕೊಂಡ ಮನೆಯವರು ಮೊದಲು ಸುಟ್ಟಿರಬಹುದಾದ ಕಾಗದ ಅದೇ.

ಗೇಟ್ಸ್ ಪ್ರತಿಷ್ಠಾನದ ಧನಸಹಾಯದಿಂದ 2003ರಲ್ಲಿ ಮೊದಲಾದ ‘ಆವಾಹನ್’ ಯೋಜನೆಯು ಇನ್ನೊಂದು ಬಗೆಯ ದಾಖಲೆಯನ್ನು ಹುಟ್ಟಿಸಿತು. ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರೇ ತಮ್ಮವರಿಗೆ ತಿಳಿವಳಿಕೆ ನೀಡುವ ಪಿಯರ್‌ಗಳಾದರು. ಅವರಲ್ಲಿ ಅನೇಕರಿಗೆ ಅಕ್ಷರ ಬಾರದಿದ್ದುದರಿಂದ, ಕಾಂಡೋಮು ಕೊಟ್ಟುದು, ಆಸ್ಪತ್ರೆಗೆ ಕರೆದೊಯ್ದುದು, ಯಾರಿಗೋ ಪೆಟ್ಟು ಬಿದ್ದುದು, ಇವನ್ನೆಲ್ಲ ಚಿತ್ರಸಂಕೇತಗಳಿಂದ ಗುರುತುಮಾಡುವ ಹಾಳೆಗಳು ಸಿದ್ಧವಾದುವು. ನಗರದ ಬಸ್ ನಿಲ್ದಾಣಗಳ, ಬೀದಿ ಮೂಲೆಗಳ ಒಂದು ದಶಕದ ನಿತ್ಯಜೀವನವು ಆ ಹಾಳೆಗಳಲ್ಲಿದ್ದಷ್ಟು ನಿಖರವಾಗಿ ಬೇರೆ ಯಾವ ಗ್ರಂಥದಲ್ಲಿಯೂ ಇರಲಾರದು. ಮೇಲಿನವರಿಗೆ ಬೇಕಾದುದು ಅವುಗಳ ಮೊತ್ತ ಮಾತ್ರ. ಮೊತ್ತವು ಮೇಲಕ್ಕೆ ಹೋದ ಮೇಲೆ ಹಾಳೆಯ ಕೆಲಸ ಮುಗಿಯಿತು.

ನ್ಯಾಯಾಲಯಗಳಲ್ಲಿಯೂ ಹೆಸರು ಹಿಂದೆ ಸರಿಯಿತು. ಸೋಂಕಿದೆಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಕೂಲಿಕಾರನೊಬ್ಬನು ಮುಂಬಯಿ ಹೈಕೋರ್ಟಿನಲ್ಲಿ 1997ರಲ್ಲಿ ಗೆದ್ದ ವ್ಯಾಜ್ಯದಲ್ಲಿ ವಾದಿ ‘ಎಂಎಕ್ಸ್’, ಪ್ರತಿವಾದಿ ‘ಝಡ್‌ವೈ’. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಆ ಬಡವನನ್ನು ಬೀಜಗಣಿತದ ಅಕ್ಷರಗಳಿಂದಲೇ ಬಲ್ಲರು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಈ ರೂಢಿಗೆ ಶಾಸನದ ಬಲವನ್ನಿತ್ತಿತು: ಸೋಂಕಿತರ ಮಾಹಿತಿಯನ್ನಿಟ್ಟುಕೊಂಡ ಪ್ರತಿಯೊಂದು ಸಂಸ್ಥೆಯೂ ಅದನ್ನು ಕಾಪಾಡಬೇಕು, ವಿಚಾರಣೆಯಲ್ಲಿ ಹುಸಿಹೆಸರನ್ನು ಬಳಸಬಹುದು.

ಹೀಗಿರುವಲ್ಲಿ ಪತ್ರಾಗಾರವು ಎಲ್ಲಿಂದ ಬರಬೇಕು? ಬಂದುದು ಪಕ್ಕದ ಬಾಗಿಲಿನಿಂದ. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ‘ಸಂಗಮ’ ಸಂಸ್ಥೆಯು ಆದಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ದಾಖಲೆಗಳ ಕೇಂದ್ರವಾಗಿಯೇ ಮೊದಲಾಯಿತೆಂಬುದು ಗಮನಾರ್ಹ. ಈಗ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ ‘ಕಮ್ರಾ’ ಎಂಬ ಪತ್ರಾಗಾರವು, ಚಿತ್ರನಿರ್ದೇಶಕಿ ಟಿ. ಜಯಶ್ರೀ ಅವರು ಚಿತ್ರೀಕರಿಸಿದ ದೃಶ್ಯಗಳನ್ನೂ, ಸಲಿಂಗಕಾಮವನ್ನು ಅಪರಾಧವೆಂದಿದ್ದ ದಂಡಸಂಹಿತೆಯ 377ನೆಯ ಕಲಮಿನ ವ್ಯಾಜ್ಯದ ಕಾಗದಗಳನ್ನೂ ತಳಹದಿಯಾಗಿಟ್ಟುಕೊಂಡು ಬೆಳೆದುದು. ಆ ವ್ಯಾಜ್ಯವಾದರೋ, 2001ರಲ್ಲಿ ನಾಜ್ ಪ್ರತಿಷ್ಠಾನವು ದೆಹಲಿ ಹೈಕೋರ್ಟಿನಲ್ಲಿ ಹೂಡಿದಾಗ, ಈ ಕಲಮಿನ ಭಯದಿಂದ ಜನರು ಮರೆಯಲ್ಲಿಯೇ ಉಳಿದು ಏಡ್ಸ್ ತಡೆಯುವ ಕೆಲಸವು ಕುಂಠಿತವಾಗುತ್ತಿದೆಯೆಂಬ ವಾದವನ್ನೇ ಮುಖ್ಯವಾಗಿ ಹೊತ್ತಿದ್ದಿತು. ಪ್ರೀತಿಯ ಹಕ್ಕಿನ ಚರಿತ್ರೆಯೆಂದು ಬಗೆದು ತೆರೆದ ಪೆಟ್ಟಿಗೆಯಲ್ಲಿ ಓದುಗನಿಗೆ ರೋಗದ ಚರಿತ್ರೆಯೂ ದೊರೆಯುವುದು ಹೀಗೆ.

ತಮ್ಮ ಹೆಸರನ್ನೂ ಮುಖವನ್ನೂ ಬಯಲಿಗಿಟ್ಟು ವೇದಿಕೆಯೇರಿ ಮಾತನಾಡಿದ ಸೋಂಕಿತರೂ ಇದ್ದರು. ಅವರ ಧೈರ್ಯವು ಮರೆಯಾಗಬಾರದು. ಆದರೆ ಉಳಿದವರ ಮೌನವನ್ನು ಭೇದಿಸುವ ಅಧಿಕಾರ ಚರಿತ್ರಕಾರನಿಗಿಲ್ಲ. ಅವರು ತಾವಾಗಿ ನುಡಿಯಲು ಬಯಸಿದಲ್ಲಿ ಕೇಳುವ ಏರ್ಪಾಡು ಇರಬೇಕು, ಅಷ್ಟೆ. ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಸಿಗುವ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ, 2019ರಲ್ಲಿ ಸಾರ್ವಜನಿಕರಿಗೆ ತೆರೆದ ಪತ್ರಾಗಾರವೊಂದಿದೆ. ವಿಜ್ಞಾನಿಗಳ ಕೈಬರಹಗಳ ಜೊತೆಗೆ ಅವರ ಬಾಯ್ಮಾತಿನ ನೆನಪುಗಳನ್ನೂ ಅಲ್ಲಿ ಸಂಗ್ರಹಿಸುತ್ತಾರೆ. ಯಶವಂತಪುರದ ನಿಲ್ದಾಣದಲ್ಲಿ ಹಾಳೆ ತುಂಬಿದ ಪಿಯರ್‌ಗಳು, ದೂರವಾಣಿಗೆ ಕಿವಿಗೊಟ್ಟ ಸಮಾಲೋಚಕರು, ಮೊದಲ ಔಷಧವನ್ನು ಎಣಿಸಿಕೊಟ್ಟ ದಾದಿಯರು ವಯಸ್ಸಾಗಿ ಚದುರಿಹೋಗುವ ಮುನ್ನ, ಅಂಥದೇ ಶ್ರದ್ಧೆಯಿಂದ ಯಾರಾದರೂ ಅವರ ಮುಂದೆ ಧ್ವನಿಮುದ್ರಣ ಯಂತ್ರವನ್ನಿಡಲಿ. ಹೇಳಿದುದನ್ನು ಎಷ್ಟು ವರ್ಷ ಮುಚ್ಚಿಡಬೇಕೆಂಬುದನ್ನು ಒಪ್ಪಿಗೆಪತ್ರದಲ್ಲಿ ಅವರೇ ಬರೆಯಿಸಲಿ, ಹೆಸರಿನ ಜಾಗವನ್ನು ಖಾಲಿ ಬಿಡುವೆನೆಂದವರಿಗೆ ಖಾಲಿ ಬಿಡಲು ಅವಕಾಶವಿರಲಿ.