ಹಡಗುಕಟ್ಟೆಯ ಬಾಗಿಲಿನ ಶಿಶುವಿಹಾರ

ಯಶೋದೆಯು ಮೊಸರು ಕಡೆಯುತ್ತಿದ್ದಾಗ ಬಾಲಕೃಷ್ಣನು ಬಂದು ಮೊಲೆಯುಣ್ಣಲು, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತೆಂದೂ, ಆಕೆಯು ತೃಪ್ತಿಹೊಂದದ ಮಗುವನ್ನು ಇಳಿಸಿ ಓಡಿದಳೆಂದೂ ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಹೇಳಿದೆ. ಕೆಲಸವೂ ಕೂಸೂ ಏಕಕಾಲದಲ್ಲಿ ಕರೆದರೆ ತಾಯಿಯಾದವಳು ಯಾವ ಕಡೆಗೆ ತಿರುಗಬೇಕು? ಯಶೋದೆಯ ಒಲೆಯು ಮನೆಯೊಳಗೇ ಇದ್ದಿತು. ಯಂತ್ರಯುಗವು ಬಂದ ಬಳಿಕ ಕೆಲಸವು ಊರಾಚೆಯ ಕಾರ್ಖಾನೆಗೆ ಹೋಯಿತು. ಕೂಸು ಮನೆಯಲ್ಲಿಯೇ ಉಳಿಯಿತು.

ಈ ಸಂಕಟಕ್ಕೆ ಧಣಿಯೇ ಪರಿಹಾರವನ್ನು ಕಲ್ಪಿಸಬೇಕೆಂಬ ವಿಚಾರವು ಹೊಸದಲ್ಲ. ಸ್ಕಾಟ್ಲೆಂಡಿನ ನ್ಯೂ ಲೆನಾರ್ಕ್ ಎಂಬ ಗ್ರಾಮದಲ್ಲಿ ಹತ್ತಿಯ ಗಿರಣಿಯನ್ನು ನಡೆಯಿಸುತ್ತಿದ್ದ ರಾಬರ್ಟ್ ಓವೆನನು 1816ರಲ್ಲಿ ಕೆಲಸಗಾರರ ಎಳೆಯ ಮಕ್ಕಳಿಗಾಗಿ ಶಿಶುಶಾಲೆಯನ್ನು ತೆರೆದನು. ಅಲ್ಲಿ ಮಕ್ಕಳನ್ನು ಹೊಡೆಯಕೂಡದು, ಗದರಿಸಕೂಡದು ಎಂಬುದೇ ಆತನ ಮೊದಲ ಕಟ್ಟಳೆ.

ಆದರೆ ಈ ವಿಚಾರವು ಪೂರ್ಣಸ್ವರೂಪವನ್ನು ತಾಳಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ. ಗಂಡಸರು ರಣರಂಗಕ್ಕೆ ತೆರಳಿದುದರಿಂದ ಹೆನ್ರಿ ಕೈಸರನ ಹಡಗುಕಟ್ಟೆಗಳಲ್ಲಿ ಸಹಸ್ರಾರು ಸ್ತ್ರೀಯರು ಉಕ್ಕಿನ ಹಲಗೆಗಳನ್ನು ಬೆಸೆಯುವ ಕೆಲಸಕ್ಕೆ ನಿಂತರು. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ತಾಯಂದಿರು ಕೆಲಸಕ್ಕೆ ಬಾರದಾದಾಗ ಹಡಗುಗಳ ನಿರ್ಮಾಣಕ್ಕೇ ಕುಂದುಂಟಾಯಿತು. ಆಗ 1943ರ ನವೆಂಬರಿನಲ್ಲಿ ಎರಡು ಹಡಗುಕಟ್ಟೆಗಳ ಹೆಬ್ಬಾಗಿಲ ಬಳಿಯಲ್ಲಿಯೇ ಎರಡು ಶಿಶುವಿಹಾರಗಳು ತಲೆಯೆತ್ತಿದವು.

ಅವುಗಳ ರಚನೆಯು ಗಮನಾರ್ಹವಾದುದು. ರಥಚಕ್ರದಂತೆ ದುಂಡಾದ ಕಟ್ಟಡ. ನಡುವೆ ಆಟದ ಅಂಗಳ. ಸುತ್ತಲೂ 15 ಕೊಠಡಿಗಳು. ಹಡಗುಕಟ್ಟೆಯು ಹಗಲಿರುಳೂ ದುಡಿಯುತ್ತಿದ್ದುದರಿಂದ ಶಿಶುವಿಹಾರವೂ ಹಗಲಿರುಳೂ ತೆರೆದಿರುತ್ತಿತ್ತು. ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಪ್ರವೇಶವಿದ್ದಿತು. ಲೋಯಿಸ್ ಮೀಕ್ ಸ್ಟೋಲ್ಜ್ ಎಂಬ ವಿದುಷಿಯೂ ಜೇಮ್ಸ್ ಹೈಮ್ಸನೂ ಇದರ ಸೂತ್ರಧಾರರು. ಶಿಶುಶಿಕ್ಷಣದಲ್ಲಿ ಪರಿಣತರಾದ ಉಪಾಧ್ಯಾಯಿನಿಯರನ್ನೇ ಒಳ್ಳೆಯ ಸಂಬಳದ ಮೇಲೆ ನೇಮಿಸಲಾಯಿತು. ಅಲ್ಪಸ್ವಲ್ಪ ಅಸ್ವಸ್ಥರಾದ ಮಕ್ಕಳಿಗೆ ಬೇರೆ ಕೋಣೆ, ದಾದಿ. ದಣಿದು ಮರಳುವ ತಾಯಿಗೆ ಮನೆಗೆ ಕೊಂಡೊಯ್ಯಲು ಸಿದ್ಧವಾದ ಊಟ. ಸುಮಾರು 3,800 ಮಕ್ಕಳು ಈ ಆಶ್ರಯವನ್ನು ಕಂಡರು.

ಯುದ್ಧವು ಮುಗಿಯಿತು. 1945ರ ಸೆಪ್ಟೆಂಬರಿನಲ್ಲಿ ಶಿಶುವಿಹಾರಗಳ ಬಾಗಿಲೂ ಮುಚ್ಚಿತು. ಕಟ್ಟಡದಲ್ಲಿ ದೋಷವಿರಲಿಲ್ಲ, ಉಪಾಧ್ಯಾಯಿನಿಯರಲ್ಲಿಯೂ ಇರಲಿಲ್ಲ. ಅವುಗಳ ವೆಚ್ಚವು ಹಡಗಿನ ಬೆಲೆಯಲ್ಲಿ ಸೇರಿ ಸರಕಾರದಿಂದ ಸಲ್ಲುತ್ತಿದ್ದಿತು. ಹಡಗು ಬೇಡವಾದೊಡನೆ ಶಿಶುವಿಹಾರವೂ ಬೇಡವಾಯಿತು. ತಾಯಿಯ ಕೆಲಸಕ್ಕಾಗಿ ಸಾಕಿದ ಕೂಸು, ಕೆಲಸವು ತೀರಿದ ದಿನವೇ ಅನಾಥವಾಯಿತೆಂದರೆ ಅತಿಶಯೋಕ್ತಿಯಲ್ಲ.

ಭಾರತದಲ್ಲಿ ಈ ವಿಷಯವು ಬೇರೊಂದು ದಾರಿಯನ್ನು ಹಿಡಿಯಿತು. ಮುಂಬಯಿಯ ಗಿರಣಿಗಳಿಗೆ ಹೋಗುವ ತಾಯಂದಿರು ಹಸುಗೂಸುಗಳಿಗೆ ಅಫೀಮು ಕೊಟ್ಟು ಮಲಗಿಸುತ್ತಿದ್ದ ದಾರುಣ ಸಂಗತಿಯು 1920ರ ದಶಕದಲ್ಲಿ ಬೆಳಕಿಗೆ ಬಂದಿತು. 1931ರಲ್ಲಿ ರಾಯಲ್ ಕಾರ್ಮಿಕ ಆಯೋಗವು ಕಾರ್ಖಾನೆಗಳಲ್ಲಿ ಶಿಶುಗೃಹಗಳಿರಬೇಕೆಂದು ಸೂಚಿಸಿತು. 1934ರ ಕಾಯಿದೆಯು ಪ್ರಾಂತ ಸರಕಾರಗಳಿಗೆ ಈ ಬಗ್ಗೆ ನಿಯಮಗಳನ್ನು ಮಾಡುವ ಅಧಿಕಾರವನ್ನು ಕೊಟ್ಟಿತು. 1948ರ ಕಾರ್ಖಾನೆಗಳ ಕಾಯಿದೆಯಾದರೋ 50ಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವೆಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವು ಕಡ್ಡಾಯವೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆಯು 30ಕ್ಕೆ ಇಳಿಯಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಸ್ತ್ರೀಯರನ್ನು ಮಾತ್ರ ಎಣಿಸದೆ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಗೃಹದ ಹೊಣೆಯನ್ನು ಹೊರಿಸಿತು.

ಈ ಕಡೆಯ ಬದಲಾವಣೆಯು ಅಲ್ಪವೆಂದು ತೋರಬಹುದು. ಆದರೆ ಅದರ ಅರ್ಥವು ಹಿರಿದು. ಸ್ತ್ರೀಯರನ್ನು ಮಾತ್ರ ಎಣಿಸುವವರೆಗೆ, ಅವರನ್ನು ಕಡಿಮೆ ನೇಮಿಸಿ ಹೊಣೆಯಿಂದ ನುಣುಚಿಕೊಳ್ಳಲು ಧಣಿಗೆ ಅವಕಾಶವಿದ್ದಿತು. ಎಲ್ಲರನ್ನೂ ಎಣಿಸಿದಾಗ ಕೂಸು ತಾಯಿಯೊಬ್ಬಳ ಭಾರವಾಗಿ ಉಳಿಯದು. ಪೋರ್ಟ್‌ಲೆಂಡಿನಲ್ಲಿ ಸೌಕರ್ಯವಿದ್ದಿತು, ಶಾಶ್ವತವಾದ ಹಕ್ಕಿರಲಿಲ್ಲ. ಹಕ್ಕು ಬರಹದಲ್ಲಿದ್ದು ತೊಟ್ಟಿಲು ಕಾಣದಿದ್ದರೆ ಅದೂ ವ್ಯರ್ಥವೇ. ಇವೆರಡೂ ಕೂಡಿದಲ್ಲಿ ಮಾತ್ರ ಹಾಲೂ ಉಕ್ಕದು, ಕೂಸೂ ಅಳದು.