ಹಳೆ ಲೇತ್, ಬೈಕ್, ವಾಚ್ ಕೊಳ್ಳುವ ಮುನ್ನ ಸೀರಿಯಲ್ ನಂಬರ್ ನೋಡಿ: ಅಸಲಿ ಗುರುತಿಸುವುದು ಹೇಗೆ?

ಮುಂಬೈನ ಭಾಂಡುಪ್ ಕಾರ್ಖಾನೆಗಳು ಮತ್ತು ಸಣ್ಣಪುಟ್ಟ ಇಂಡಸ್ಟ್ರಿಯಲ್ ಗಾಲಾಗಳಿಂದ ಬೆಳೆದ ಉಪನಗರ. ಎಲ್‌ಬಿಎಸ್ ಮಾರ್ಗದ ಅಕ್ಕಪಕ್ಕ ಒಂದು ಕಾಲದಲ್ಲಿ ಯಂತ್ರಗಳು ಸದ್ದು ಮಾಡುತ್ತಿದ್ದ ಜಾಗಗಳಲ್ಲಿ ಈಗ ವಸತಿ ಕಟ್ಟಡಗಳು, ಮಾಲ್‌ಗಳು ಎದ್ದಿವೆ. ಇಂಥ ಕಡೆ ಗಾಲಾವೊಂದು ಖಾಲಿಯಾದರೆ ಹಳೆಯ ಲೇತ್, ಡ್ರಿಲ್ಲಿಂಗ್ ಮಷೀನ್‌ಗಳು ಮಾರಾಟಕ್ಕೆ ಬರುತ್ತವೆ. ಅದು ಕೆಜಿ ಲೆಕ್ಕದ ಗುಜರಿಯೋ, ಬೆಲೆಬಾಳುವ ಹಳೆಯ ಯಂತ್ರವೋ ಎಂದು ತಿಳಿಯಲು ಅದರ ಮೈಮೇಲಿನ ಒಂದು ಸಂಖ್ಯೆ ದೊಡ್ಡ ಆಧಾರ. ಅದೇ ಸೀರಿಯಲ್ ನಂಬರ್.

ಈ ಸಂಖ್ಯೆಯನ್ನು ಓದಲು ಬಾರದವರು ಮೋಸ ಹೋಗುವುದು ಸುಲಭ. ಹೊರಗೆ ಬರೆದ ಸಂಖ್ಯೆ ಬೇರೆ, ಕಾರ್ಖಾನೆಯಲ್ಲಿ ಕೊರೆದ ಸಂಖ್ಯೆ ಬೇರೆ. ಮೊದಲನೆಯದು ಬದಲಾಗಬಹುದು, ಎರಡನೆಯದು ಬದಲಾಗಬಾರದು.

ಒಂದೇ ವಿಮಾನ, ಮೂರು ಸಂಖ್ಯೆ

ಈ ವ್ಯತ್ಯಾಸಕ್ಕೆ ಹಳೆಯ ವಿಮಾನಗಳೇ ಒಳ್ಳೆಯ ಉದಾಹರಣೆ. ಎರಡನೇ ಮಹಾಯುದ್ಧದ ನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಒಪ್ಪಿಸಿತು. ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದಿದ್ದರು.

ಅವುಗಳಲ್ಲಿ ಒಂದು ಈಗ ಅಮೆರಿಕದ ಅರಿಜೋನಾದ ಪೀಮಾ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ದಾಖಲೆಯಲ್ಲಿ ಅದು 44-44175, ಬ್ರಿಟಿಷ್ ವಾಯುಪಡೆಯಲ್ಲಿ ಕೆಎಚ್304, ಭಾರತದಲ್ಲಿ ಎಚ್‌ಇ877. ಒಡೆಯರು ಬದಲಾದಂತೆ ಸಂಖ್ಯೆಯೂ ಬದಲಾಯಿತು. ಆದರೆ ಮೂರನ್ನೂ ಜೋಡಿಸುವ ದಾಖಲೆ ಉಳಿದಿದ್ದರಿಂದ ಆ ವಿಮಾನದ ಚರಿತ್ರೆಯೂ ಉಳಿಯಿತು.

ಗೌರವಕ್ಕೆ ಬರೆದ ಸಂಖ್ಯೆ

ಡಕೋಟಾ 'ಪರಶುರಾಮ'ನದು ಬೇರೆಯೇ ಕಥೆ. 1947ರ ಅಕ್ಟೋಬರ್ 27ರಂದು 1 ಸಿಖ್ ರೆಜಿಮೆಂಟ್‌ನ ಯೋಧರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಮೊದಲ ಡಕೋಟಾದ ಬಾಲದ ಸಂಖ್ಯೆ ವಿಪಿ905. ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಬ್ರಿಟನ್‌ನಲ್ಲಿ ಸಜ್ಜುಗೊಳಿಸಿ ಉಡುಗೊರೆ ನೀಡಿದ ಡಕೋಟಾ 2018ರ ಮೇ 4ರಂದು ಹಿಂಡನ್ ವಾಯುನೆಲೆಯಲ್ಲಿ ವಾಯುಪಡೆಗೆ ಸೇರಿತು. ಅವರ ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಪೈಲಟ್ ಆಗಿದ್ದವರು.

ಈ ವಿಮಾನದ ಬಾಲದ ಮೇಲೂ ವಿಪಿ905 ಎಂದೇ ಇದೆ. ಆದರೆ ಇದು 1947ರಲ್ಲಿ ಶ್ರೀನಗರದಲ್ಲಿ ಇಳಿದ ವಿಮಾನವಲ್ಲ. ಬ್ರಿಟನ್‌ನಲ್ಲಿ ಜಿ-ಎಎಂಎಸ್‌ವಿ ಎಂದು ನೋಂದಣಿಯಾಗಿದ್ದ ಬೇರೊಂದು ಡಕೋಟಾ. ಹಳೆಯ ಸಂಖ್ಯೆಯನ್ನು ಗೌರವಾರ್ಥವಾಗಿ ಬರೆಯಲಾಗಿದೆ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟು ಮಾರಿದರೆ ಮಾತ್ರ ಅದು ಮೋಸ.

ಲೇತ್‌ನಲ್ಲಿ ಎಲ್ಲಿ ನೋಡಬೇಕು?

1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಲೇತ್‌ಗಳು ದೇಶದ ವರ್ಕ್‌ಶಾಪ್‌ಗಳಲ್ಲಿ ಮನೆಮಾತು. ಎಚ್22, ಎಲ್‌ಬಿ17 ಎಂಬುವು ಮಾಡೆಲ್ ಹೆಸರುಗಳು. ಆ ಮಾಡೆಲ್‌ನ ಎಲ್ಲ ಯಂತ್ರಗಳಿಗೂ ಅವು ಒಂದೇ. ಸೀರಿಯಲ್ ನಂಬರ್ ಮಾತ್ರ ಒಂದೊಂದು ಯಂತ್ರಕ್ಕೆ ಒಂದೊಂದು.

ರಿವೆಟ್ ಹೊಡೆದ ನೇಮ್‌ಪ್ಲೇಟ್ ಅನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಬಹುದು. ಆದ್ದರಿಂದ ನೇಮ್‌ಪ್ಲೇಟ್ ಒಂದನ್ನೇ ನಂಬದೆ, ಬೆಡ್ ಮೇಲೆ ಪಂಚ್ ಮಾಡಿದ ಸಂಖ್ಯೆ ಇದೆಯೇ ಎಂದು ಹುಡುಕಬೇಕು. ಅನೇಕ ಕಂಪನಿಗಳ ಲೇತ್‌ಗಳಲ್ಲಿ ಅದು ಟೇಲ್‌ಸ್ಟಾಕ್ ಕಡೆಯ ತುದಿಯಲ್ಲಿ ಇರುತ್ತದೆ. ಗ್ರೀಸ್ ಒರೆಸಿದರೆ ಕಾಣಿಸುತ್ತದೆ.

ವಾಚ್‌ನಲ್ಲಿ 'ಮುಂಬೈ ಸ್ಪೆಷಲ್'

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಶುರುವಾಯಿತು. ಇಂದು ಹಳೆಯ ಜನತಾ, ಪೈಲಟ್ ವಾಚ್‌ಗಳಿಗೆ ಬೇಡಿಕೆಯಿದೆ. ಆದರೆ ಹಳೆಯ ಮೂವ್‌ಮೆಂಟ್‌ಗೆ ಹೊಸ ಡಯಲ್ ಹಾಕಿ, ಅಲ್ಲಿಯ ಇಲ್ಲಿಯ ಭಾಗಗಳನ್ನು ಸೇರಿಸಿ ಮಾರುವುದೂ ಇದೆ. ಇಂಥ ವಾಚ್‌ಗಳನ್ನು ಸಂಗ್ರಾಹಕರು 'ಮುಂಬೈ ಸ್ಪೆಷಲ್' ಎಂದೇ ಕರೆಯುತ್ತಾರೆ.

ಒಳಗಿನ ಮೂವ್‌ಮೆಂಟ್ ಮೇಲೆ '0231' ಎಂದಿದ್ದರೆ ಅದು ಕ್ಯಾಲಿಬರ್ ಸಂಖ್ಯೆ, ಅಂದರೆ ಯಂತ್ರದ ಮಾದರಿ. ಅದನ್ನೇ ಸೀರಿಯಲ್ ನಂಬರ್ ಎಂದು ತೋರಿಸಿ 'ಅಪರೂಪದ ವಾಚ್' ಎಂದರೆ ನಂಬಬೇಡಿ.

ಬೈಕ್, ಕಾರು ಕೊಳ್ಳುವಾಗ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಜಾವಾ, ಯೆಜ್ಡಿ ಬೈಕ್‌ಗಳ ಆಕರ್ಷಣೆ ಕುಗ್ಗಿಲ್ಲ. ಇಲ್ಲಿ ಸಂಖ್ಯೆಯ ತಪ್ಪು ಕಾನೂನಿನ ತೊಡಕಾಗುತ್ತದೆ. ಎಂಜಿನ್ ಮತ್ತು ಚಾಸಿ ಸಂಖ್ಯೆ ಆರ್‌ಸಿಯಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಮಾಲೀಕತ್ವ ವರ್ಗಾವಣೆ ನಿಲ್ಲುತ್ತದೆ. ಗಾಡಿ ಕದ್ದದ್ದು ಎಂದಾದರೆ ಹಣವೂ ಹೋಯಿತು, ಗಾಡಿಯೂ ಹೋಯಿತು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಹೊಸ ನಂಬರ್ ಪ್ಲೇಟ್‌ನಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.

ಕೊಳ್ಳುವ ಮುನ್ನ ಇಷ್ಟು ಮಾಡಿ

* ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ತಿದ್ದಿದ ಅಂಕಿ ಇದರಲ್ಲಿ ಎದ್ದು ಕಾಣಬಹುದು.
* ಅಂಕಿಗಳ ಗಾತ್ರ, ಆಳ, ಸಾಲು ಒಂದೇ ರೀತಿ ಇವೆಯೇ ನೋಡಿ. ಸುತ್ತ ಗ್ರೈಂಡಿಂಗ್ ಗುರುತು, ವೆಲ್ಡಿಂಗ್ ಅಥವಾ ದಪ್ಪ ಪೇಂಟ್ ಇದ್ದರೆ ಅನುಮಾನಿಸಿ.
* ಹಳೆಯ ಪ್ಲೇಟ್‌ಗೆ ಹೊಸ ರಿವೆಟ್ ಇದ್ದರೆ ಕಾರಣ ಕೇಳಿ.
* ಹಳೆಯ ಬಿಲ್, ಆರ್‌ಸಿ, ಮ್ಯಾನುಯಲ್ ಇದ್ದರೆ ಸಂಖ್ಯೆ ತಾಳೆ ನೋಡಿ. ಕಾಗದ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ.

ಮಾರುವವರಿಗೂ ಒಂದು ಕಿವಿಮಾತು. ಗಾಲಾ ಖಾಲಿ ಮಾಡುವಾಗ ಯಂತ್ರವನ್ನು ಚೆಂದ ಕಾಣಿಸಲೆಂದು ಸಂಖ್ಯೆಯ ಭಾಗವನ್ನು ಉಜ್ಜಬೇಡಿ, ಪ್ಲೇಟ್ ಕೀಳಬೇಡಿ. ಹಳೆಯ ಬಿಲ್‌ಗಳನ್ನು ರದ್ದಿಗೆ ಹಾಕಬೇಡಿ. ಪೇಂಟ್ ಮತ್ತೆ ಹೊಡೆಸಬಹುದು, ಅಳಿಸಿಹೋದ ಸಂಖ್ಯೆಯನ್ನು ಮತ್ತೆ ತರಲಾಗದು.