ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಹಾರ ಪದ್ಧತಿ ಮತ್ತು ದೈಹಿಕ ಚಟುವಟಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಹಾರ ಪದ್ಧತಿಯು ರಾಗಿ, ಅವರೆ, ಹುರುಳಿ ಮತ್ತು ಸೊಪ್ಪುಗಳನ್ನು ಮುಖ್ಯವಾಗಿ ಆಧರಿಸಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಈ ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಇಲ್ಲಿನ ಕೃಷಿಕ ಕುಟುಂಬಗಳಲ್ಲಿ ದಿನನಿತ್ಯದ ಸರಳ ಊಟ, ಹಬ್ಬದ ದಿನಗಳ ಸಮೃದ್ಧ ಊಟ ಮತ್ತು ಹೊಲದ ದುಡಿಮೆ ಒಂದನ್ನೊಂದು ಸರಿದೂಗಿಸುತ್ತಿದ್ದವು. ನಗರೀಕರಣದಿಂದ ದುಡಿಮೆಯ ಸ್ವರೂಪ ಬದಲಾಗಿದ್ದು, ಹಬ್ಬಕ್ಕೆ ಮೀಸಲಾಗಿದ್ದ ತಿನಿಸುಗಳು ಪ್ರತಿದಿನವೂ ದೊರೆಯುತ್ತಿವೆ. ಹೀಗಾಗಿ ಊಟದ ಸಂತೋಷವನ್ನು ಕಳೆದುಕೊಳ್ಳದೆ ಆರೋಗ್ಯವನ್ನು ಕಾಪಾಡಿಕೊಳ್ಳುವುದು ಈ ಭಾಗದಲ್ಲಿ ಪ್ರಸ್ತುತ ವಿಷಯವಾಗಿದೆ.

ಹಿನ್ನೆಲೆ

1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. 2007ರಲ್ಲಿ ರಾಮನಗರ ಜಿಲ್ಲೆಯು ಇದರಿಂದ ಪ್ರತ್ಯೇಕಗೊಂಡಿತು. ಜಿಲ್ಲೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆಯಾಶ್ರಿತ ರಾಗಿ ಪ್ರಧಾನ ಬೆಳೆಯಾಗಿದೆ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಬೆಳೆಯುವ ಕ್ರಮವಿದೆ. ಇದರಿಂದ ಒಂದೇ ಹೊಲದಿಂದ ಧಾನ್ಯ, ಕಾಳು ಮತ್ತು ಎಣ್ಣೆಬೀಜ ಮೂರೂ ಮನೆಗೆ ಬರುತ್ತಿದ್ದವು.

ರಾಗಿಯನ್ನು ಹುಳು ಹಿಡಿಯದಂತೆ ದೀರ್ಘಕಾಲ ಶೇಖರಿಸಿಡಬಹುದು. ಹಿಂದೆ ನೆಲದಡಿಯ ಹಗೇವುಗಳಲ್ಲಿ ಅದನ್ನು ತುಂಬಿಡಲಾಗುತ್ತಿತ್ತು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತ ಮತ್ತು ರಾಗಿಯ ನಡುವಿನ ವಾದದಲ್ಲಿ ರಾಗಿ ಗೆಲ್ಲುವುದಕ್ಕೂ ಅದರ ಈ ಬಾಳಿಕೆಯ ಗುಣವೇ ಕಾರಣವಾಗುತ್ತದೆ.

ದಿನನಿತ್ಯದ ಊಟ

ರಾಗಿ ಮುದ್ದೆಯನ್ನು ಇಲ್ಲಿ ‘ಹಿಟ್ಟು’ ಎಂದೂ ಕರೆಯುತ್ತಾರೆ. ಇದರೊಂದಿಗೆ ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು ಅಥವಾ ಹುರುಳಿಕಾಳಿನ ಸಾರು ಇರುತ್ತದೆ. ಬಸ್ಸಾರಿನಲ್ಲಿ ಕಾಳು ಮತ್ತು ಸೊಪ್ಪನ್ನು ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದ ಕಾಳು-ಸೊಪ್ಪಿನಿಂದ ಪಲ್ಯವನ್ನೂ ಮಾಡುತ್ತಾರೆ. ಬೇಯಿಸಿದ ನೀರು ವ್ಯರ್ಥವಾಗದಿರುವುದು ಈ ಅಡುಗೆಯ ವಿಶೇಷ. ಮಳೆಗಾಲದಲ್ಲಿ ಹೊಲ ಮತ್ತು ಬದುಗಳಲ್ಲಿ ತಾನಾಗಿ ಬೆಳೆಯುವ ಹಲವು ಸೊಪ್ಪುಗಳನ್ನು ಆಯ್ದು ‘ಬೆರಕೆ ಸೊಪ್ಪಿನ’ ಸಾರು ಮಾಡುವ ರೂಢಿಯಿದೆ. ಬೇಸಿಗೆಯಲ್ಲಿ ರಾಗಿ ಅಂಬಲಿಯನ್ನು ಮಜ್ಜಿಗೆಯೊಂದಿಗೆ ಕುಡಿಯಲಾಗುತ್ತದೆ.

ಡಿಸೆಂಬರ್ ಮತ್ತು ಜನವರಿ ತಿಂಗಳುಗಳು ಸೊಗಡಿನ ಅವರೆಕಾಯಿಯ ಕಾಲ. ನೆನೆಸಿದ ಕಾಳಿನ ಸಿಪ್ಪೆ ಹಿದುಕಿ ತೆಗೆದು ಮಾಡುವ ಹಿದುಕಿದ ಬೇಳೆಯ ಸಾರು ಈ ಋತುವಿನ ಮುಖ್ಯ ಖಾದ್ಯ. ಹಣ್ಣುಗಳಲ್ಲಿ ದೇವನಹಳ್ಳಿಯ ಚಕ್ಕೋತ ಮತ್ತು ಈ ಪ್ರದೇಶದಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿವೆ.

ಹಬ್ಬ, ಜಾತ್ರೆ ಮತ್ತು ವಿಶೇಷ ಊಟ

ಸಿಹಿ, ಎಣ್ಣೆಯಲ್ಲಿ ಕರಿದ ತಿನಿಸು ಮತ್ತು ಮಾಂಸ ಹಿಂದೆ ವರ್ಷದ ನಿರ್ದಿಷ್ಟ ದಿನಗಳಿಗೆ ಸೇರಿದ್ದವು. ಯುಗಾದಿಯಂದು ಒಬ್ಬಟ್ಟು, ಮರುದಿನದ ಹೊಸತೊಡಕಿನಲ್ಲಿ ಮಾಂಸಾಹಾರಿ ಕುಟುಂಬಗಳಲ್ಲಿ ಬಾಡೂಟ, ಸಂಕ್ರಾಂತಿಯಂದು ಎಳ್ಳು-ಬೆಲ್ಲ ಮತ್ತು ಸಿಹಿ ಪೊಂಗಲ್, ಗೌರಿ-ಗಣೇಶ ಹಬ್ಬದಲ್ಲಿ ಕಡುಬು, ಪಿತೃಪಕ್ಷದಲ್ಲಿ ಎಡೆಯ ಅಡುಗೆ ಇವುಗಳಲ್ಲಿ ಮುಖ್ಯವಾದವು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಸಂಕ್ರಾಂತಿ ಉತ್ಸವ ಹಾಗೂ ಊರಹಬ್ಬಗಳು ನೆಂಟರಿಷ್ಟರು ಕೂಡಿ ಉಣ್ಣುವ ಸಂದರ್ಭಗಳಾಗಿವೆ.

ಮತ್ತೊಂದೆಡೆ ಏಕಾದಶಿಯ ಉಪವಾಸ, ಶ್ರಾವಣ ಮಾಸದಲ್ಲಿ ಮಾಂಸವರ್ಜನೆ, ವಾರದ ಕೆಲವು ದಿನ ಒಪ್ಪೊತ್ತು ಮೊದಲಾದ ಕಟ್ಟುಪಾಡುಗಳೂ ಅನೇಕ ಕುಟುಂಬಗಳಲ್ಲಿವೆ. ಹೀಗೆ ಭೋಗ ಮತ್ತು ಮಿತಿ ಎರಡನ್ನೂ ಪಂಚಾಂಗವೇ ನಿಗದಿಪಡಿಸುತ್ತಿತ್ತು.

ದುಡಿಮೆ ಮತ್ತು ವ್ಯಾಯಾಮ

ಉಳುಮೆ, ಕಳೆ ಕೀಳುವುದು, ಕಟಾವು, ಕಣದ ಕೆಲಸ, ಬಾವಿಯಿಂದ ನೀರೆತ್ತುವುದು ಮತ್ತು ಬೀಸುವ ಕಲ್ಲಿನಲ್ಲಿ ರಾಗಿ ಬೀಸುವುದು ದಿನದ ಬಹುಭಾಗವನ್ನು ವ್ಯಾಪಿಸಿದ್ದವು. ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಯನ್ನು ಸಾಮಾನ್ಯವಾಗಿ ರಾಗಿಯ ಹಿರಿಮೆಗೆ ಉದಾಹರಿಸುತ್ತಾರೆ. ಆದರೆ ಅದರಲ್ಲಿ ಹಿಟ್ಟಿನಷ್ಟೇ ಬೆಟ್ಟ ಕೀಳುವ ದುಡಿಮೆಗೂ ಸ್ಥಾನವಿದೆ. ದುಡಿಮೆಯ ಹೊರತಾಗಿ ಗರಡಿಮನೆಯ ಸಾಮು, ಕುಸ್ತಿ, ಕಬಡ್ಡಿ, ಕೋಲಾಟಗಳು ವ್ಯಾಯಾಮದೊಂದಿಗೆ ಮನರಂಜನೆಯನ್ನೂ ಒದಗಿಸುತ್ತಿದ್ದವು.

ಇತ್ತೀಚಿನ ಬದಲಾವಣೆಗಳು

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ಸುತ್ತಲಿನ ಕೃಷಿಭೂಮಿಯ ಗಣನೀಯ ಭಾಗ ಬಡಾವಣೆ, ಕೈಗಾರಿಕೆ ಮತ್ತು ರಸ್ತೆಗಳಿಗೆ ಬಳಕೆಯಾಗಿದೆ. ನೆಲಮಂಗಲ ಮತ್ತು ಹೊಸಕೋಟೆಗಳು ಹೆದ್ದಾರಿಗಳ ಮೇಲಿದ್ದು, ಗೋದಾಮು ಹಾಗೂ ಕಾರ್ಖಾನೆಗಳ ಕೇಂದ್ರಗಳಾಗಿವೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳೊಂದಿಗೆ ಸಿದ್ಧ ಉಡುಪು ಕಾರ್ಖಾನೆಗಳೂ ಇವೆ. ಹೊಲದಲ್ಲಿ ದುಡಿಯುತ್ತಿದ್ದ ಕುಟುಂಬದ ಮುಂದಿನ ತಲೆಮಾರು ಹೊಲಿಗೆ ಯಂತ್ರದ ಮುಂದೆ, ವಾಹನದ ಚಾಲಕನ ಆಸನದಲ್ಲಿ ಅಥವಾ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವುದು ಸಾಮಾನ್ಯವಾಗಿದೆ. ಹೊಲದಲ್ಲಿಯೂ ಟ್ರ್ಯಾಕ್ಟರ್, ಕೊಳವೆಬಾವಿ ಮತ್ತು ಒಕ್ಕಣೆ ಯಂತ್ರಗಳು ಮೈದುಡಿಮೆಯನ್ನು ಕಡಿಮೆ ಮಾಡಿವೆ.

ಆಹಾರದ ಲಭ್ಯತೆಯೂ ಬದಲಾಗಿದೆ. ಬೇಕರಿ ತಿನಿಸು, ಚಾಟ್ಸ್, ಕಬಾಬ್ ಮತ್ತು ಸಿಹಿ ಪಾನೀಯಗಳು ಹೋಬಳಿ ಕೇಂದ್ರಗಳಲ್ಲೂ ಪ್ರತಿದಿನ ದೊರೆಯುತ್ತವೆ. ಹೊಸಕೋಟೆಯಲ್ಲಿ ರಾತ್ರಿಯೇ ಬೇಯಿಸಿ ನಸುಕಿನಲ್ಲಿ ಮಾರಾಟ ಮಾಡುವ ದಮ್ ಬಿರಿಯಾನಿ ಬೆಂಗಳೂರಿನಿಂದಲೂ ಜನರನ್ನು ಸೆಳೆಯುವಷ್ಟು ಪ್ರಸಿದ್ಧವಾಗಿದೆ.

ಪೌಷ್ಟಿಕಾಂಶ

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 11 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿ.ಗ್ರಾಂಗಿಂತಲೂ ಕಡಿಮೆ, ನಾರಿನಂಶ ಸುಮಾರು 3 ಗ್ರಾಂ. ಆದರೆ ಶಕ್ತಿಯ ದೃಷ್ಟಿಯಿಂದ ರಾಗಿ ಹಗುರವಾದ ಆಹಾರವಲ್ಲ. ಅದರ ತೂಕದ ಮೂರನೇ ಎರಡು ಭಾಗ ಶರ್ಕರಪಿಷ್ಟವಾಗಿದ್ದು, 100 ಗ್ರಾಂ ಹಿಟ್ಟಿನಿಂದ ಸುಮಾರು 320 ಕಿಲೋಕ್ಯಾಲರಿ ದೊರೆಯುತ್ತದೆ. ಆದ್ದರಿಂದ ರಾಗಿಯನ್ನು ಎಷ್ಟು ಬೇಕಾದರೂ ತಿನ್ನಬಹುದೆಂಬ ನಂಬಿಕೆ ಸರಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರ ದಿನದ ಶಕ್ತಿಯ ಅಗತ್ಯ ಹೀಗಿದೆ:

ಕುಳಿತು ಕೆಲಸ ಮಾಡುವವರು: ಪುರುಷರಿಗೆ 2,110, ಮಹಿಳೆಯರಿಗೆ 1,660 ಕಿಲೋಕ್ಯಾಲರಿ.
ಮಧ್ಯಮ ಶ್ರಮದವರು: ಪುರುಷರಿಗೆ 2,710, ಮಹಿಳೆಯರಿಗೆ 2,130 ಕಿಲೋಕ್ಯಾಲರಿ.
ಕಠಿಣ ಶ್ರಮದವರು: ಪುರುಷರಿಗೆ 3,470, ಮಹಿಳೆಯರಿಗೆ 2,720 ಕಿಲೋಕ್ಯಾಲರಿ.

ಕಠಿಣ ದುಡಿಮೆಯಿಂದ ಕುಳಿತ ಕೆಲಸಕ್ಕೆ ಬಂದ ಪುರುಷನಿಗೆ ದಿನಕ್ಕೆ 1,360 ಕಿಲೋಕ್ಯಾಲರಿಯಷ್ಟು ಕಡಿಮೆ ಸಾಕಾಗುತ್ತದೆ. ಇದು ತಲಾ 100 ಗ್ರಾಂ ಹಿಟ್ಟಿನ ನಾಲ್ಕು ಮುದ್ದೆಗಳಿಗಿಂತ ಹೆಚ್ಚು. ತಟ್ಟೆಯಲ್ಲಿನ ಊಟ ತಂದೆಯ ಕಾಲದಷ್ಟೇ ಇದ್ದು ದುಡಿಮೆ ಮಾತ್ರ ಕಡಿಮೆಯಾದಾಗ ತೂಕ ಹೆಚ್ಚುವುದಕ್ಕೆ ಇದು ವಿವರಣೆ ನೀಡುತ್ತದೆ.

ಅತಿಪೋಷಣೆಯೊಂದಿಗೆ ಕೊರತೆಯೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದ್ದರೆ, ಸುಮಾರು ಶೇ. 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. ಹಾಗಾಗಿ ‘ಕಡಿಮೆ ತಿನ್ನಿ’ ಎಂಬ ಒಂದೇ ಸಲಹೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಮನೆಯವರೆಲ್ಲ ಉಂಡ ನಂತರ ಉಳಿದದ್ದನ್ನು ಉಣ್ಣುವ ಗೃಹಿಣಿಗೆ ಕಾಳು, ಸೊಪ್ಪು, ಮೊಟ್ಟೆ ಹೆಚ್ಚಾಗಿ ದೊರೆಯಬೇಕಾಗುತ್ತದೆ.

ಸಮತೋಲನದ ಕ್ರಮಗಳು

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು 2,000 ಕಿಲೋಕ್ಯಾಲರಿಯ ಮಾದರಿ ಆಹಾರದಲ್ಲಿ ದಿನಕ್ಕೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ ಮತ್ತು ಸೊಪ್ಪು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು, 35 ಗ್ರಾಂ ಬೀಜಗಳು ಮತ್ತು 27 ಗ್ರಾಂ ಎಣ್ಣೆ-ಕೊಬ್ಬನ್ನು ಸೂಚಿಸುತ್ತದೆ. ಸ್ಥಳೀಯ ಊಟವನ್ನು ಬಿಡದೆಯೇ ಇದನ್ನು ಅನುಸರಿಸಲು ಸಾಧ್ಯ. ಎರಡು ಹೊತ್ತು 100 ಗ್ರಾಂ ಹಿಟ್ಟಿನ ಒಂದೊಂದು ಮುದ್ದೆ ಉಂಡರೆ ಬೆಳಗಿನ ತಿಂಡಿಗೆ 50 ಗ್ರಾಂ ಧಾನ್ಯ ಉಳಿಯುತ್ತದೆ. ಮುದ್ದೆಯ ಗಾತ್ರ ತಗ್ಗಿಸಿ, ಬಸ್ಸಾರಿನ ಪಲ್ಯ ಮತ್ತು ಕಾಳನ್ನು ಹೆಚ್ಚಿಸುವುದು ಮುಖ್ಯ ಬದಲಾವಣೆ. ಮುದ್ದೆಯ ಮೇಲೆ ಅನ್ನವನ್ನೂ ಉಣ್ಣುವವರು ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸಬೇಕಾಗುತ್ತದೆ. ಉಪ್ಪಿನ ಪ್ರಮಾಣ ದಿನಕ್ಕೆ 5 ಗ್ರಾಂ ಮೀರಬಾರದು ಎಂಬ ಕಾರಣದಿಂದ ಉಪ್ಪಿನಕಾಯಿ ಮತ್ತು ಹಪ್ಪಳಗಳಲ್ಲಿ ಮಿತಿ ಅಗತ್ಯ.

ಹಬ್ಬದ ಒಬ್ಬಟ್ಟು ಅಥವಾ ಅಪರೂಪದ ಬಿರಿಯಾನಿಯನ್ನು ಪೂರ್ಣವಾಗಿ ತ್ಯಜಿಸುವ ಅಗತ್ಯ ಆರೋಗ್ಯವಂತರಿಗೆ ಇರುವುದಿಲ್ಲ. ದೀರ್ಘಕಾಲದಲ್ಲಿ ಹೆಚ್ಚು ಪರಿಣಾಮ ಬೀರುವುದು ದಿನವೂ ಪುನರಾವರ್ತನೆಯಾಗುವ ಸಕ್ಕರೆ ಬೆರೆತ ಕಾಫಿ-ಟೀ, ಬೇಕರಿ ತಿನಿಸು ಮತ್ತು ಕರಿದ ಪದಾರ್ಥಗಳು. ಮಧುಮೇಹ, ರಕ್ತದೊತ್ತಡ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಸಲಹೆಯಂತೆ ಆಹಾರವನ್ನು ನಿರ್ಧರಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಮತ್ತು ಕನಿಷ್ಠ ಎರಡು ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ. ಇದಕ್ಕೆ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ಕೆರೆ ಏರಿಯ ಮೇಲಿನ ನಡಿಗೆ, ಬಸ್ ನಿಲ್ದಾಣಕ್ಕೆ ನಡೆದುಹೋಗುವುದು, ತೋಟದ ಕೆಲಸ, ಶಿವಗಂಗೆಯ ಮೆಟ್ಟಿಲು ಹತ್ತುವುದು, ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಚಾರಣ ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಪಾಳಿಯಲ್ಲಿ ದುಡಿಯುವ ಕಾರ್ಮಿಕರಿಗೆ ಬಿಡುವಿನ ಅವಧಿ ಕಡಿಮೆ ಇರುವುದರಿಂದ, ದಿನದಲ್ಲಿ ಹತ್ತು ನಿಮಿಷಗಳಂತೆ ಹಲವು ಬಾರಿ ನಡೆಯುವುದೂ ಉಪಯುಕ್ತ.

ಸಾರ್ವಜನಿಕ ಕಾರ್ಯಕ್ರಮಗಳು

ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಪಡಿತರ ವ್ಯವಸ್ಥೆಯ ಮೂಲಕ ಅಕ್ಕಿಯೊಂದಿಗೆ ರಾಗಿಯನ್ನೂ ವಿತರಿಸಲಾಗುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಹಾಲು ನೀಡಲಾಗುತ್ತಿದ್ದು, 2024ರಿಂದ ರಾಗಿ ಮಾಲ್ಟ್ ಸಹ ಸೇರಿದೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ನಂತರ ನಗರಗಳಲ್ಲಿ ರಾಗಿಯ ಬೇಡಿಕೆಗೆ ಹೆಚ್ಚಿನ ಪ್ರಚಾರ ದೊರೆಯಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಮಾತ್ರ ರಾಗಿಯು ಇಂದಿಗೂ ವಿಶೇಷ ಪಥ್ಯವಾಗಿರದೆ ಮನೆಯ ದಿನನಿತ್ಯದ ಊಟವಾಗಿಯೇ ಉಳಿದಿದೆ.